ಒಂಬತ್ತು ಬಲಕ್ಕೆ, ಹತ್ತು ಎಡಕ್ಕೆ

ಎಲೆ ಸಾರ್ ನನ್ನನ್ನು ಮೊದಲ ಸಲ ನೋಡಿದಾಗ ನಾನು ಒಣಗಿದ ಗಿಡವೊಂದಕ್ಕೆ ಕಾಜಾ ಹೊಲಿಗೆ ಹಾಕುತ್ತಾ ಕೂತಿದ್ದೆ.

"ಇದೇನಮ್ಮಾ ಇದು?" ಎಂದರು, ಕನ್ನಡಕವನ್ನು ಹಣೆಗೆ ಏರಿಸಿ.

"ಗಿಡ ಸಾರ್. ಹಾಳೆಗೆ ಹೊಲಿದು ಕೂರಿಸಿ ಅಂದ್ರು."

"ಕೂರಿಸಿ ಅಂದ್ರು. ಮದುವೆಗೆ ರೆಡಿ ಮಾಡಿ ಅಂದ್ರಾ? ಕಾಂಡಕ್ಕೆ ಮೂರು ಕಡೆ ಒಂದೊಂದು ಸುತ್ತು, ಹಿಂದೆ ಗಂಟು. ಅಷ್ಟೆ. ನೀವು ಹಾಕಿರೋದನ್ನ ಬಿಚ್ಚಿ ಮುಗಿಸೋ ಹೊತ್ತಿಗೆ ನಾನು ರಿಟೈರ್ ಆಗಿರ್ತೀನಿ."

ಪಕ್ಕದ ಮೇಜಿನವರು ನಕ್ಕರು. ನಾನು ನಗಲಿಲ್ಲ. ಬೇಜಾರಾಗಿ ಅಲ್ಲ. ಆ ದಿನಗಳಲ್ಲಿ ನನಗೆ ನಗುವೂ ಬರುತ್ತಿರಲಿಲ್ಲ, ಬೇಜಾರೂ ಬರುತ್ತಿರಲಿಲ್ಲ. ಹೊಲಿಗೆ ಬಿಚ್ಚಿದೆ. ಅವರು ಹೇಳಿದಂತೆ ಮೂರು ಸುತ್ತು ಹಾಕಿ ಗಂಟು ಬಿಗಿದೆ. ತಲೆ ಎತ್ತಿದರೆ ಅವರು ಇನ್ನೂ ಅಲ್ಲೇ ನಿಂತಿದ್ದರು.

"ಬೈದೆ ಅಂದ್ಕೊಂಡ್ರಾ?"

"ಇಲ್ಲ ಸಾರ್."

"ಸ್ವಲ್ಪ ಅಂದ್ಕೊಳ್ಳಿ. ಇಲ್ದಿದ್ರೆ ನಾನು ಬೈದಿದ್ದು ದಂಡ."

ಅದು ಒಣಗಿದ ಗಿಡಗಳ ಆಫೀಸು. ಊರ ಸುತ್ತ ತಾವಾಗಿಯೇ ಬೆಳೆಯುವ ಕಾಡುಗಿಡಗಳನ್ನು ಕಿತ್ತು ತಂದು, ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಹೆಸರಿನ ಚೀಟಿ ಅಂಟಿಸಿ ಕಬ್ಬಿಣದ ಬೀರುಗಳಲ್ಲಿ ಇಡುತ್ತಾರೆ. ಎಲ್ಲ ಕಡೆ ನುಸಿಗುಳಿಗೆಯ ವಾಸನೆ. ಬಂದ ಗಿಡ ಯಾವುದೆಂದು ಗುರುತಿಸುವುದು ಎಲೆ ಸಾರ್ ಕೆಲಸ. ಇಪ್ಪತ್ತನಾಲ್ಕು ವರ್ಷದಿಂದ ಅದೇ ಕಿಟಕಿ, ಅದೇ ಭೂತಗನ್ನಡಿ. ಅವರಿಗೆ ಐವತ್ತಮೂರು. ನನಗೆ ನಲವತ್ತೆರಡು.

ನನಗೆ ಈ ಕೆಲಸ ಹುಡುಕಿದವಳು ನನ್ನ ಅತ್ತಿಗೆ. ಅಮ್ಮ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ದಳು. ಅವಳ ಮಂಚದ ಪಕ್ಕ ಮೆಷಿನ್ ಇಟ್ಟುಕೊಂಡು ನಾನು ಪರದೆ, ಫ್ರಾಕು, ದಿಂಬಿನ ಚೀಲ ಹೊಲಿಯುತ್ತಿದ್ದೆ. ಮದುವೆಯ ಮಾತು ಎರಡು ಸಲ ಬಾಗಿಲ ತನಕ ಬಂದು, ಮಂಚ ನೋಡಿ ವಾಪಸು ಹೋಯಿತು. ಅಮ್ಮ ಹೋದ ದಿನ ಎಲ್ಲರೂ ಅತ್ತರು. ನಾನು ಬಂದವರಿಗೆ ಕುರ್ಚಿ ಹಾಕಿದೆ. ಆಮೇಲೆ ಅಣ್ಣನ ಮನೆಗೆ ಬಂದೆ. ಅಲ್ಲಿ ಮಂಚವಿರಲಿಲ್ಲ, ಮಗ್ಗುಲು ಬದಲಿಸಬೇಕಾದವರು ಯಾರೂ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ.

"ಹೀಗೆ ಗೋಡೆ ನೋಡ್ತಾ ಕೂತ್ರೆ ಗೋಡೆ ಸವೆದು ಹೋಗುತ್ತೆ ಕಣೇ," ಎಂದಳು ಅತ್ತಿಗೆ. "ಬಾಡಿಗೆ ಮನೆ. ಓನರ್‌ಗೆ ನಾನು ಏನಂತ ಹೇಳ್ಲಿ?"

ಸೂಜಿ ಕೆಲಸ ಗೊತ್ತಿರುವವರು ಬೇಕು ಎಂಬ ಬೋರ್ಡು ನೋಡಿ, ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಸೇರಿಸಿದಳು. ಹೋಗು ಎಂದರು, ಹೋದೆ. ಹೊಲಿ ಎಂದರು, ಹೊಲಿದೆ.

ಸೇರಿ ಒಂದು ತಿಂಗಳಾಗಿರಬೇಕು. ಎಲೆ ಸಾರ್ ಹದಿನೈದು ದಿನ ಬೇರೆ ಊರಿಗೆ ಹೋಗಿ ಬಂದರು. ಬಂದ ದಿನವೇ, ಒಣಗಿಸಲು ಒತ್ತಿಟ್ಟಿದ್ದ ಕಾಗದದ ಕಟ್ಟು ಬಿಚ್ಚಿದವರು, ಒಂದು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮೇಜಿಗೆ ಬಂದರು. ತುಂಬಿದ ಬಟ್ಟಲು ಹಿಡಿದವರಂತೆ ನಡೆಯುತ್ತಿದ್ದರು.

"ಹೋಗೋ ದಿನ ಬಸ್ ಡಿಪೋ ಹಿಂದಿನ ಗೋಡೆಯಿಂದ ಅವಸರದಲ್ಲಿ ಒಂದು ಕಡ್ಡಿ ಕಿತ್ತು ಗ್ಲಾಸಲ್ಲಿ ಇಟ್ಟಿದ್ದೆ. ಒತ್ತಿಡಿ ಅಂದಿದ್ದೆ. ಇದೇನಾ ಅದು?"

ಐದು ಎಲೆಗಳ ಪುಟ್ಟ ಕಡ್ಡಿ. ಪ್ರತಿ ಎಲೆಯ ಅಂಚೂ ಅಲೆ ಅಲೆ. ಒಂದೊಂದು ಅಲೆಯ ತುದಿಗೂ ಕಂದು ಬಣ್ಣದ ಸಣ್ಣ ಗೆರೆ, ಪೆನ್ಸಿಲಿನಲ್ಲಿ ತೀಡಿದಂತೆ.

"ಇದೇ ಸಾರ್."

"ಹಸಿ ಇದ್ದಾಗಲೂ ಅಂಚು ಹೀಗೇ ದುಂಡು ದುಂಡಾಗಿ ಇತ್ತಾ? ಜ್ಞಾಪಿಸ್ಕೊಂಡು ಹೇಳಿ."

"ಹೂಂ. ಹೀಗೇ ಇತ್ತು."

ನಾನು ಏನನ್ನೂ ಜ್ಞಾಪಿಸಿಕೊಳ್ಳಲಿಲ್ಲ. ಆ ದಿನಗಳಲ್ಲಿ ನಿನ್ನ ತಲೆ ಮೇಲೆ ಕೊಂಬಿದೆಯಾ ಎಂದು ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

ಅವರು ಕುರ್ಚಿ ಎಳೆದು ಕೂತರು. "ಈ ಜಾತಿ ಗಿಡಕ್ಕೆಲ್ಲ ಗರಗಸದ ಹಲ್ಲು ಇರ್ಬೇಕು. ದುಂಡು ಹಲ್ಲು ಇರೋದನ್ನ ಯಾರೂ ನೋಡಿಲ್ಲ. ಪುಸ್ತಕದಲ್ಲಿಲ್ಲ. ಬೀರುಗಳಲ್ಲಿ ಇಲ್ಲ." ಕೂತವರು ಮತ್ತೆ ಎದ್ದರು. "ಇನ್ನೊಂದು ಗಿಡ ಸಿಕ್ಬೇಕು. ಒಂದು ಕಡ್ಡಿ ಇಟ್ಕೊಂಡು ಜಗತ್ತಿಗೆ ಹೇಳೋಕ್ಕಾಗಲ್ಲ."

ಅದೇ ಸಂಜೆ ಡಿಪೋಗೆ ಓಡಿದರು. ಗೋಡೆಗೆ ಹೊಸದಾಗಿ ಸಿಮೆಂಟು ಮೆತ್ತಿ ಸುಣ್ಣ ಬಳಿದಿದ್ದರು. ಒಂದು ಹುಲ್ಲುಕಡ್ಡಿಯೂ ಉಳಿದಿರಲಿಲ್ಲ.

"ಅದನ್ನ ಹಸಿಯಾಗಿ ಸರಿಯಾಗಿ ನೋಡಿರೋದು ನೀವೊಬ್ರೇ," ಎಂದರು ಮರುದಿನ. "ಭಾನುವಾರ ಬೆಳಿಗ್ಗೆ ಏಳೂವರೆಗೆ ಡಿಪೋ ಸ್ಟಾಪಿಗೆ ಬರ್ತೀರಾ? ಹುಡುಕೋಣ."

"ಬರ್ತೀನಿ ಸಾರ್."

ಅತ್ತಿಗೆ ಹುಬ್ಬು ಹಾರಿಸಿದಳು. "ಯಾರ ಜೊತೆ?"

"ಆಫೀಸಿನ ಸಾರ್ ಜೊತೆ. ಗಿಡ ಹುಡುಕೋಕೆ."

"ಹೋಗು ಹೋಗು. ಸಿಕ್ದಿದ್ರೂ ಬಿಸಿಲಾದ್ರೂ ಬೀಳುತ್ತೆ ಮೈಮೇಲೆ. ಬಿಳಿಚಿಕೊಂಡು ಹಲ್ಲಿ ಥರ ಆಗಿದೀಯ."

ಹೀಗೆ ಶುರುವಾಯಿತು. ಎರಡು ವರ್ಷ, ಮಳೆ ಬಿದ್ದ ನಾಲ್ಕೈದು ಭಾನುವಾರ ಬಿಟ್ಟರೆ, ತಪ್ಪದೆ ಹೋದೆವು. ಮೋರಿಯ ಬದಿ, ರೈಲು ಹಳಿಯ ದಿಬ್ಬ, ಬೀಗ ಹಾಕಿದ ಫ್ಯಾಕ್ಟರಿಯ ಅಂಗಳ, ಆಸ್ಪತ್ರೆಯ ಹಿಂದಿನ ಖಾಲಿ ಸೈಟು. ಎಲ್ಲಿ ಯಾರೂ ಏನೂ ನೆಟ್ಟಿಲ್ಲವೋ ಅಲ್ಲೆಲ್ಲ.

ಅವರ ಪಾಠ ಒಂದೇ. "ಹೂವು ನೋಡ್ಬೇಡಿ. ಹೂವು ವರ್ಷಕ್ಕೊಂದು ಸಲ ಬರೋ ನೆಂಟ. ಅಂಚು ದಿನಾ ಮನೇಲಿರೋ ಮನುಷ್ಯ. ಗಿಡದ ಗುಣ ಅಲ್ಲಿದೆ."

ನುಣುಪು ಅಂಚು ಒಂದು. ಗರಗಸದ ಅಂಚು ಒಂದು. ದುಂಡು ಹಲ್ಲಿನ ಅಂಚು ಒಂದು. ಆ ದುಂಡು ಹಲ್ಲಿನಲ್ಲೂ ನೂರು ಥರ. ಕೆಲವು ಉಗುರಿನಷ್ಟು ಅಗಲ, ಕೆಲವು ಸಾಸಿವೆ ಸಾಲಿಟ್ಟಂತೆ. ನಲ್ಲಿಯ ಪಕ್ಕ ಹರಡಿದ್ದ ನಾಣ್ಯದಂಥ ಎಲೆಗೆ ಸುತ್ತಲೂ ಅಲೆ; ಹಳಿಯ ದಿಬ್ಬದ ಘಾಟು ಗಿಡಕ್ಕೆ ತುದಿಯಲ್ಲಿ ಮಾತ್ರ ಅಲೆ, ತೊಟ್ಟಿನ ಹತ್ತಿರ ಏನೂ ಇಲ್ಲ. ತೊಟ್ಟಿನಿಂದ ತುದಿಯವರೆಗೆ ಒಂದೊಂದಾಗಿ ಎಣಿಸಬೇಕು. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ.

"ಎಲೆನ ಆಕಾಶಕ್ಕೆ ಹಿಡೀರಿ. ನರ ನೋಡಿ. ಅಂಚಿನ ಹತ್ರ ಬಂದು, ಬಾಗಿ, ಪಕ್ಕದ ನರಕ್ಕೆ ಕೈ ಕೊಡುತ್ತೆ. ಕೊಟ್ರೆ ಅದು ಗಿಡ ತಾನೇ ಮಾಡ್ಕೊಂಡ ಅಂಚು. ಕೈ ಕೊಡದೆ ಥಟ್ಟನೆ ನಿಂತುಬಿಟ್ರೆ ಹುಳ ತಿಂದಿದೆ ಅಂತ."

ನಾನು ನನಗೆ ಗೊತ್ತಿದ್ದ ಹೆಸರು ಹೇಳುತ್ತಿದ್ದೆ. "ಇದು ಪೀಕೋ ಸಾರ್. ಇದು ಜಿಗ್‌ಜ್ಯಾಗ್. ಇದು ಸ್ಕ್ಯಾಲಪ್, ಮಕ್ಕಳ ಕಾಲರಿಗೆ ಹಾಕ್ತೀವಲ್ಲ ಅದು." ಅವರು ನಗದೆ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡರು. ಆಮೇಲೆ ಆಫೀಸಿನಲ್ಲಿ ದೊಡ್ಡ ಸಾಹೇಬರ ಮುಂದೆಯೇ "ಇದು ಪೀಕೋ ಅಂಚು ಸಾರ್" ಎಂದುಬಿಟ್ಟರಂತೆ.

ಒಂದು ಭಾನುವಾರ ಅವರು ಎಲೆಯನ್ನು ಬಿಸಿಲಿಗೆ ಹಿಡಿದಿದ್ದರು. ಹಸಿರು ಬೆಳಕು ಅವರ ಕೆನ್ನೆಯ ಮೇಲೆ ಬಿದ್ದಿತ್ತು. ನರೆತ ಗಡ್ಡದ ಮೊಳಕೆಗಳೂ ಹಸಿರಾಗಿ ಕಂಡವು.

"ಎಲೆ ಇಲ್ಲಿದೆ ಟೈಲರ್ ಮೇಡಂ."

"ನೋಡ್ತಿದೀನಲ್ಲ ಸಾರ್."

"ಎಲೆಯಿಂದ ನಾಲ್ಕಿಂಚು ಈಚೆಗೆ ನೋಡ್ತಿದೀರಿ."

"ನಿಮ್ಮ ಹುಬ್ಬಿನ ಮೇಲೆ ಇರುವೆ ಇದೆ."

ಅವರು ಕೈಯಿಂದ ಸವರಿಕೊಂಡರು. "ಹೋಯ್ತಾ?"

"ಇರ್ಲೇ ಇಲ್ಲ."

ಅವರು ಎಷ್ಟು ನಕ್ಕರೆಂದರೆ ಎಲೆ ಕೈಜಾರಿ ಮೋರಿಗೆ ಬಿತ್ತು. ನನ್ನ ಮುಖ ಮಾತ್ರ ಇದ್ದ ಹಾಗೇ ಇತ್ತು. ತಮಾಷೆ ನನ್ನ ಬಾಯಿಂದ ಬಂದದ್ದು ನನಗೇ ಪಕ್ಕದ ಮನೆಯ ಮಾತು ಕೇಳಿಸಿದಂತಿತ್ತು.

ಇನ್ನೊಂದು ಸಲ, ಕಲ್ಲುಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಟೀ ಕುಡಿಯುವಾಗ, ಕೇಳದೆಯೇ ಹೇಳಿದರು. "ನನಗೆ ಮದುವೆ ಆಗಿತ್ತು. ಹದಿನಾಲ್ಕು ವರ್ಷ ಆಯ್ತು ಬೇರೆಯಾಗಿ. ಅವಳೂ ಒಳ್ಳೆಯವಳೇ, ನಾನೂ ಕೆಟ್ಟವನಲ್ಲ. ಮನೇಲಿ ಮಾತು ಖಾಲಿಯಾಗಿ ಹೋಯ್ತು. ಅಷ್ಟೆ."

"ಹೂಂ," ಎಂದೆ.

"ನೀವು ಹೂಂ ಅಂದ್ರೆ ಸಾಕು, ಏನೋ ನೆಮ್ಮದಿ. ಬೇರೆಯವರು ಅಯ್ಯೋ ಅಂತಾರೆ."

ಅಯ್ಯೋ ಎನ್ನಲು ನನಗೆ ಬರುತ್ತಿರಲಿಲ್ಲ ಎಂದು ಅವರಿಗೆ ಹೇಳಲಿಲ್ಲ.

ಗಿಡ ಸಿಗಲಿಲ್ಲ. ಎರಡನೇ ವರ್ಷ ಮುಗಿಯುವಾಗ ದೊಡ್ಡ ಸಾಹೇಬರೇ, ಒಂದೇ ಕಡ್ಡಿಯಾದರೂ ಸರಿ, ಬರೆದು ಕಳಿಸಿ ಎಂದರು. ಹೊಸ ಗಿಡ ಕಂಡವರು ಅದರ ವಿವರ ಬರೆದು, ಹೆಸರಿಟ್ಟು, ಅಚ್ಚು ಹಾಕಿಸಬೇಕು. ಆಗ ಲೋಕ ಅದನ್ನು ಒಪ್ಪುತ್ತದೆ. ಇಪ್ಪತ್ತಾರು ವರ್ಷ ಬೇರೆಯವರು ಹೆಸರಿಟ್ಟ ಗಿಡಗಳಿಗೆ ಚೀಟಿ ಬರೆದ ಮನುಷ್ಯ, ಈಗ ರಾತ್ರಿ ಹಗಲು ಕೂತು ಹದಿನೆಂಟು ಪುಟ ಬರೆದರು. ಮುಗಿಸಿದ ದಿನ ನನ್ನ ಮೇಜಿಗೆ ಬಂದು, ಬಾಗಿ, ಪಿಸುಮಾತಿನಲ್ಲಿ ಹೇಳಿದರು.

"ನಿಮ್ಮದೇ ಹೆಸರು. ಅಂದ್ರೆ ನಿಮ್ಮ ಕೆಲಸದ ಹೆಸರು. ಗಿಡಕ್ಕೆಲ್ಲ ಹೆಸರಿಡೋ ಹಳೇ ಭಾಷೇಲಿ 'ಹೊಲಿಯುವವಳ ಗಿಡ' ಅಂತ ಅರ್ಥ ಬರುತ್ತೆ. ಚೀಟಿ ಬರೆದು ಹಾಳೆಗೆ ಅಂಟಿಸಿಬಿಟ್ಟೆ. ಬೇಡ ಅಂದ್ರೆ ಈಗ್ಲೇ ಹೇಳಿ."

"ಆಗಲಿ ಸಾರ್."

ಅವರು ಒಂದು ಕ್ಷಣ ನಿಂತರು. ಇನ್ನೇನೋ ಬೇಕಿತ್ತು ಅವರಿಗೆ. ನನ್ನಲ್ಲಿ ಇರಲಿಲ್ಲ. ಬಚ್ಚಲಿಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಂಡೆ. ಬದುಕಿನಲ್ಲಿ ಒಬ್ಬ ಗಂಡಸು ನನಗೆ ಏನಾದರೂ ಕೊಟ್ಟಿದ್ದು ಅದೇ ಮೊದಲು. ಮುಖ ಒರೆಸಿಟ್ಟ ತಟ್ಟೆಯಂತೆ ಇತ್ತು. ಕೆನ್ನೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ಅದಾದ ವಾರ, ಶನಿವಾರ ಮಧ್ಯಾಹ್ನ, ಪಕ್ಕದ ಮನೆಯ ಹುಡುಗಿಯ ಫ್ರಾಕಿಗೆ ಕಾಲರ್ ಹೊಲಿಯುತ್ತಿದ್ದೆ. ಸ್ಕ್ಯಾಲಪ್ ಕಾಲರ್. ನಾನು ಸೀಮೆಸುಣ್ಣದ ಗುರುತು ಹಾಕುವುದಿಲ್ಲ, ಕೈ ಹೋದಂತೆ ಕತ್ತರಿಸುತ್ತೇನೆ. ಎರಡು ವರ್ಷದ ಅಭ್ಯಾಸ ನೋಡಿ, ಕತ್ತರಿಸಿ ಮುಗಿಸಿದವಳು ಸುಮ್ಮನೆ ಎಣಿಸಿದೆ. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ.

ಬಲಕ್ಕೆ ಒಂಬತ್ತು. ಎಡಕ್ಕೆ ಹತ್ತು.

ಕತ್ತರಿ ಕೆಳಗಿಟ್ಟೆ. ಬೀರುವಿನಿಂದ ಹಳೆಯ ಪರದೆ ತೆಗೆದೆ. ಅತ್ತಿಗೆಯ ದಿಂಬಿನ ಚೀಲ ತೆಗೆದೆ. ಬಲಗಡೆ ಹೋಗುವಾಗ ನನ್ನ ಕೈ ಕೂದಲೆಳೆಯಷ್ಟು ಅಗಲ ಹಿಡಿಯುತ್ತದೆ. ಬಟ್ಟೆ ತಿರುಗಿಸಿ ಎಡಗಡೆ ಬರುವಾಗ ಬಿಗಿಯುತ್ತದೆ. ಎಲ್ಲದರಲ್ಲೂ ಎಡಕ್ಕೆ ಒಂದು ಅಲೆ ಜಾಸ್ತಿ.

ಹದಿನೆಂಟು ಪುಟಗಳಲ್ಲಿ ಎಲೆ ಸಾರ್ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಸಾಲು ಒಂದಿತ್ತು. 'ಈ ಗಿಡದ ವಿಶೇಷ: ಪ್ರತಿ ಎಲೆಯಲ್ಲೂ ಬಲಕ್ಕೆ ಒಂಬತ್ತು ಹಲ್ಲು, ಎಡಕ್ಕೆ ಹತ್ತು.'

ಆಗ ನೆನಪಾಯಿತು. ಗ್ಲಾಸಿನ ನೀರು. ಕಿಟಕಿಯ ಬಿಸಿಲು. ಕಡ್ಡಿಯ ಐದೂ ಎಲೆಗಳ ಅಂಚನ್ನು ಹುಳ ಅಲ್ಲಲ್ಲಿ ಕೊರೆದಿತ್ತು. ಪಿಸಿದ ಅಂಚನ್ನು ಹಾಗೇ ಕೈಯಿಂದ ಬಿಡುವುದು ಹೊಲಿಯುವವಳಿಗೆ ಆಗುವುದಿಲ್ಲ. ನುಸಿ ತಿಂದ ಪರದೆಗೆ ನಾವು ಅದನ್ನೇ ಮಾಡುತ್ತೇವೆ: ತಿಂದ ಜಾಗ ಮರೆಯಾಗುವಂತೆ ಅಲೆ ಕತ್ತರಿಸಿ ಕೊಟ್ಟರೆ ಗಿರಾಕಿ ಹೊಸದಕ್ಕಿಂತ ಚೆನ್ನಾಗಿದೆ ಎಂದುಕೊಂಡು ಹೋಗುತ್ತಾಳೆ. ಕೈ ಕತ್ತರಿ ಎತ್ತಿಕೊಂಡಿತ್ತು. ಮನಸ್ಸು ಎಲ್ಲಿತ್ತೋ. ಆಮೇಲೂ ಮೂರು ದಿನ ಕಡ್ಡಿ ನೀರಿನಲ್ಲೇ ಇತ್ತು. ಕತ್ತರಿಸಿದ ಅಂಚು ಕಂದು ಕಟ್ಟಿಕೊಂಡಿತು. ಆಮೇಲೆ ಒತ್ತಿಟ್ಟೆ, ಮರೆತೆ.

ಕಾಲರನ್ನು ಮಡಚಿ ಬೀರುವಿನ ತಳಕ್ಕೆ ತುರುಕಿದೆ. ಏನಿದು ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಹೆದರಿಕೆ. ಬಹಳ ವರ್ಷದ ಮೇಲೆ ಬಂದದ್ದು, ಹಾಗಾಗಿ ಗುರುತು ಸಿಗಲಿಲ್ಲ. ಜೋಮು ಹಿಡಿದ ಕಾಲಿಗೆ ಜೀವ ಬರುವಾಗ ಹಿತವಾಗಿರುವುದಿಲ್ಲ.

ಹೆದರಿದ್ದು ಕೆಲಸ ಹೋದೀತೆಂದು ಅಲ್ಲ. ಅವರು ಬೈದಾರೆಂದೂ ಅಲ್ಲ. ಇಲ್ಲದ ಗಿಡವನ್ನು ಯಾರೂ ಹುಡುಕುವುದಿಲ್ಲ. ನಾನು ಬಾಯಿ ತೆರೆದರೆ ಇನ್ನು ಏಳೂವರೆಯ ಡಿಪೋ ಸ್ಟಾಪ್ ಇರುವುದಿಲ್ಲ.

ಸೋಮವಾರ ಯಾರೂ ಇಲ್ಲದಾಗ ಹಾಳೆ ತೆಗೆದು ನೋಡಿದೆ. ಭೂತಗನ್ನಡಿ ಬೇಕಾಗಲಿಲ್ಲ. ನನ್ನ ಕೈಬರಹವನ್ನು ನಾನು ಓದಲಾರೆನೇ. ಮೂರನೆಯ ಎಲೆಯಲ್ಲಿ, ತೊಟ್ಟಿಗೆ ಅಂಟಿದ ಮೂಲೆಯಲ್ಲಿ, ಕತ್ತರಿ ತಲುಪದ ಒಂದೇ ಒಂದು ಹಲ್ಲು ಉಳಿದಿತ್ತು. ದುಂಡಗಿರಲಿಲ್ಲ. ಚೂಪಾಗಿತ್ತು. ಗರಗಸದ ಹಲ್ಲು.

ಹೇಳಲಿಲ್ಲ. ಬರೆದು ಮುಗಿದರೂ ಎರಡನೇ ಗಿಡದ ಹುಡುಕಾಟ ನಿಂತಿರಲಿಲ್ಲ; ಒಂದು ಭಾನುವಾರ ಹೋಯಿತು. ಎರಡು ಹೋಯಿತು. ಮೂರನೆಯ ಭಾನುವಾರ ಅವರು ರೈಲು ಹಳಿಯ ದಿಬ್ಬದಲ್ಲಿ ನನ್ನ ಕಡೆ ಕೈ ಚಾಚಿದರು, ಹತ್ತಿಸಿಕೊಳ್ಳಲು. ಹತ್ತಿದ ಮೇಲೂ ಎರಡು ಹೆಜ್ಜೆ ಬಿಡಲಿಲ್ಲ. ಆಮೇಲೆ ಬಿಟ್ಟು, "ಸಾರಿ," ಎಂದರು.

"ಯಾಕೆ ಸಾರಿ?"

"ಎರಡು ಹೆಜ್ಜೆ ಜಾಸ್ತಿ ಆಯ್ತು."

"ನಾನು ಎಣಿಸಲಿಲ್ಲ," ಎಂದೆ. ಸುಳ್ಳು. ಎಣಿಸಿದ್ದೆ.

ಆ ಸಂಜೆ ಅತ್ತಿಗೆಗೆ ಎಲ್ಲ ಹೇಳಿದೆ. ಅವಳು ಬಟ್ಟೆ ಮಡಚುತ್ತಾ ಕೇಳಿದಳು.

"ಅವರು ಬರೆದಿದ್ದರ ಲಕೋಟೆ ಯಾವತ್ತು ಹೋಗೋದು?"

"ಶನಿವಾರ."

"ಹೋದ ಮೇಲೆ ಇನ್ಯಾರಾದ್ರೂ ಕಂಡುಹಿಡಿದ್ರೆ?"

"ಲೋಕವೇ ನಗುತ್ತೆ. ಅವರ ಇಪ್ಪತ್ತಾರು ವರ್ಷ ಮಣ್ಣುಪಾಲು."

"ಮತ್ತೆ ಇನ್ನೂ ಯಾಕೆ ಇಲ್ಲಿ ಕೂತು ನನಗೆ ಹೇಳ್ತಿದೀಯ?" ಅವಳು ಟವೆಲನ್ನು ಝಾಡಿಸಿದಳು. "ನೋಡು, ನೀನು ಬಾಯಿ ಮುಚ್ಕೊಂಡು ಉಳಿಸ್ಕೊಂಡಿದ್ದು ನಿನ್ನದಾಗಲ್ಲ. ಆ ಮನುಷ್ಯನನ್ನ ಊರೆಲ್ಲ ನಗೋ ಹಾಗೆ ಮಾಡಿ, ಆಮೇಲೆ ಯಾವ ಮುಖ ಇಟ್ಕೊಂಡು ಪಕ್ಕದಲ್ಲಿ ಟೀ ಕುಡೀತೀಯ?"

ಆದರೂ ಐದು ದಿನ ಬೇಕಾಯಿತು ನನಗೆ. ಶುಕ್ರವಾರ, ಊಟದ ಹೊತ್ತು, ಎಲ್ಲರೂ ಹೊರಗೆ ಹೋದ ಮೇಲೆ, ಹುಡುಗಿಯ ಕಾಲರನ್ನು ಅವರ ಮೇಜಿನ ಮೇಲೆ, ಹಾಳೆಯ ಪಕ್ಕ ಹರಡಿದೆ.

"ಎಣಿಸಿ ಸಾರ್."

"ಏನಿದು?"

"ಬಲಕ್ಕೆ ಎಷ್ಟು, ಎಡಕ್ಕೆ ಎಷ್ಟು, ಎಣಿಸಿ."

ಅವರು ನಗುತ್ತಲೇ ಎಣಿಸಲು ಶುರುಮಾಡಿದರು. ಬಲಗಡೆ ಮುಗಿಯುವಾಗ ನಗು ಇತ್ತು. ಎಡಗಡೆ ಏಳಕ್ಕೆ ಬಂದಾಗ ಇರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದರು.

"ಆ ಗಿಡ ಹುಳ ತಿಂದಿತ್ತು ಸಾರ್. ನಾನು ಕತ್ತರಿ ಹಾಕಿದೆ. ಹಸಿ ಇದ್ದಾಗ್ಲೇ. ಅಮ್ಮ ಹೋಗಿ ಸ್ವಲ್ಪ ದಿನ ಆಗಿತ್ತು. ಏನು ಮಾಡ್ತಿದೀನಿ ಅಂತ ನನಗೆ ಗೊತ್ತಿರ್ಲಿಲ್ಲ. ನೀವು ಕೇಳಿದಾಗ ಹೂಂ ಅಂದುಬಿಟ್ಟೆ. ಗೊತ್ತಾಗಿ ಮೂರು ವಾರ ಆಯ್ತು."

ಅವರು ಹಾಳೆ ಎತ್ತಿ ಕಿಟಕಿಗೆ ಹೋದರು. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ಎಷ್ಟೋ ಹೊತ್ತು ನಿಂತರು. ಹೊರಗೆ ಯಾರದೋ ಸೈಕಲ್ಲಿನ ಬೆಲ್ ಆಯಿತು. ನನ್ನ ಕೈ ತಣ್ಣಗೆ ಕುರ್ಚಿಯ ಬೆನ್ನಿನ ಮೇಲಿತ್ತು.

"ನರ ಕೈ ಕೊಡ್ತಿಲ್ಲ," ಎಂದರು ಕೊನೆಗೆ, ನನಗಲ್ಲ, ಗಾಜಿಗೆ. "ಎಲ್ಲ ಥಟ್ಟನೆ ನಿಂತಿದೆ. ಇದನ್ನ ನಾನು ಮೊದಲ ದಿನವೇ ನೋಡಿದ್ದೆ. ನೋಡಿ, ಇದೂ ಒಂದು ವಿಶೇಷ ಅಂತ ಬರೆದೆ. ಬೇಕು ಅನ್ನಿಸಿಬಿಟ್ರೆ ಕಣ್ಣು ವಕೀಲ ಆಗಿಬಿಡುತ್ತೆ."

ಮೇಜಿಗೆ ಬಂದು ಕೂತರು. ಲಕೋಟೆಯನ್ನು ಡ್ರಾಯರಿನಲ್ಲಿ ಹಾಕಿದರು. ಹೊಸ ಚೀಟಿಯೊಂದನ್ನು ತೆಗೆದುಕೊಂಡರು. ನಾನು ಹಳೆಯ ಚೀಟಿ ಕೀಳಲು ಚಾಕು ಕೊಡಹೋದೆ.

"ಕೀಳೋ ಹಾಗಿಲ್ಲ. ತಪ್ಪು ಹೆಸರು ಬರೆದ್ರೆ ಅಳಿಸಬಾರದು, ಹರೀಬಾರದು. ಪಕ್ಕದಲ್ಲಿ ಸರಿಯಾದ್ದು ಬರೆದು ಅಂಟಿಸೋದು. ಹಿಂದಿನವರು ಯಾಕೆ ತಪ್ಪಿದ್ರು ಅಂತ ಮುಂದಿನವರ್ಗೆ ಗೊತ್ತಾಗ್ಬೇಕು." ಪೆನ್ನಿನ ಮುಚ್ಚಳ ತೆಗೆಯುತ್ತಾ ಹೇಳಿದರು, "ಹಾಗೆ ನೋಡಿದ್ರೆ ಹೆಸರು ಮಾತ್ರ ಸರಿಯಾಗೇ ಇಟ್ಟಿದ್ದೀನಿ. ಹೊಲಿಯುವವಳ ಗಿಡ."

ನಗಲಿಲ್ಲ. ಚೀಟಿಯನ್ನು ನನ್ನ ಕಡೆ ತಿರುಗಿಸಿದರು. "ಇದು ಯಾವ ಗಿಡ?"

"ನಾನಾ ಸಾರ್?"

"ನೀವೇ ಹೇಳಿ."

"ಮೂರನೇ ಎಲೇಲಿ ಒಂದು ಹಲ್ಲು ಉಳಿದಿದೆ. ಗರಗಸದ್ದು. ಬೆನ್ನಲ್ಲಿ ಬೂದು ಕೂದಲು. ಮೋರಿ ಪಕ್ಕ ಎಲ್ಲ ಕಡೆ ಇರುತ್ತಲ್ಲ, ನೀವು 'ಕಾಲಿಗೆ ಸಿಗೋ ಗಿಡ' ಅಂತೀರಲ್ಲ, ಅದೇ."

ಅವರು ಹಳೇ ಭಾಷೆಯ ಅದರ ದೊಡ್ಡ ಹೆಸರು ಬರೆದರು. ಕೆಳಗೆ, 'ಅಂಚು ಕತ್ತರಿಯಿಂದ ಕತ್ತರಿಸಿದ್ದು.' ಅದರ ಕೆಳಗೆ, 'ಗುರುತಿಸಿದವರು' ಎಂಬಲ್ಲಿ ಪೆನ್ನು ನನಗೆ ಕೊಟ್ಟರು.

"ಗುರುತಿಸಿದ್ದು ನೀವು ತಾನೆ. ಸಹಿ ಹಾಕಿ."

ಹಾಕಿದೆ. ಅಕ್ಷರ ಓರೆಯಾಯಿತು. ಅವರು ಶಾಯಿ ಒಣಗುವ ತನಕ ನೋಡುತ್ತಾ ಇದ್ದು, ಮುಖ ಎತ್ತದೆ ಹೇಳಿದರು. "ನೀವು ಇವತ್ತು ಮನೆಗೆ ಹೋಗಿ."

ಶನಿವಾರ ಹೇಗೋ ಕಳೆಯಿತು. ಭಾನುವಾರ ಏಳೂವರೆಗೆ ಡಿಪೋ ಸ್ಟಾಪಿನಲ್ಲಿ ನಿಂತೆ. ಬರಬೇಡಿ ಎಂದು ಅವರು ಹೇಳಿರಲಿಲ್ಲ. ಎಂಟಾಯಿತು. ಬಸ್ಸುಗಳು ಬಂದವು, ಹೋದವು. ಕಂಡಕ್ಟರೊಬ್ಬ ಹತ್ತುತ್ತೀರಾ ಎಂದು ಕೇಳಿ, ಉತ್ತರ ಸಿಗದೆ ಸೀಟಿ ಊದಿದ. ಎಂಟೂ ಹತ್ತಕ್ಕೆ ಅವರು ರಸ್ತೆಯ ಆ ತಿರುವಿನಲ್ಲಿ ಕಂಡರು. ಕೈಯಲ್ಲಿ ಚೀಲವಿರಲಿಲ್ಲ. ಗಡ್ಡ ಎರಡು ದಿನದ್ದು.

"ನೀವು ಯಾಕೆ ಬಂದ್ರಿ? ಹುಡುಕೋಕೆ ಏನೂ ಇಲ್ವಲ್ಲ."

"ನೀವು ಯಾಕೆ ಬಂದ್ರಿ ಸಾರ್?"

"ನೀವು ಕಾಯ್ತಾ ಇದ್ರೆ ಹೇಳಿ ಹೋಗೋಣ ಅಂತ."

"ನಾನು ಬರದೇ ಇದ್ದಿದ್ರೆ?"

"ಬಂದಿಲ್ಲ ಅಂತ ನೋಡ್ಕೊಂಡು ಹೋಗೋಣ ಅಂತ."

ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ನಡುವೆ ಒಬ್ಬರು ಕೂರುವಷ್ಟು ಜಾಗ.

"ಕತ್ತರಿ ಹಾಕಿದ್ದು ಬಿಡಿ," ಎಂದರು. "ಅದು ಕೈ ಅಭ್ಯಾಸ. ನೋಡಿಯೂ ನೋಡದೆ ಇದ್ದಿದ್ದು ನನ್ನ ತಪ್ಪು. ಆದ್ರೆ ಗೊತ್ತಾದ ಮೇಲೂ ಮೂರು ವಾರ ನನ್ನ ಪಕ್ಕ ನಡ್ಕೊಂಡು ಬಂದ್ರಲ್ಲ. ನಾನು ಬಗ್ಗಿ ಬಗ್ಗಿ ಹುಡುಕ್ತಾ ಇದ್ದೆ. ನೀವು ನೋಡ್ತಾ ಇದ್ರಿ. ಅದು ಯಾಕೆ?"

ಎರಡು ರಾತ್ರಿ ಇದಕ್ಕೊಂದು ಒಳ್ಳೆಯ ಉತ್ತರ ಹುಡುಕಿದ್ದೆ. ಆಗ ಬಾಯಿಗೆ ಬಂದದ್ದು ಇಷ್ಟೇ.

"ಹೇಳಿದ್ರೆ ಭಾನುವಾರ ನಿಂತು ಹೋಗ್ತಿತ್ತು."

"ಏನು?"

"ನನಗೆ ಗಿಡ ಬೇಕಿರ್ಲಿಲ್ಲ ಸಾರ್. ಹೆಸರೂ ಬೇಕಿರ್ಲಿಲ್ಲ. ಭಾನುವಾರ ಬೇಕಿತ್ತು."

ಅವರು ರಸ್ತೆ ನೋಡುತ್ತಾ ಕೂತರು. ಒಂದು ಬಸ್ಸು ಬಂತು. ಇಬ್ಬರು ಇಳಿದರು, ಒಬ್ಬಳು ಹತ್ತಿದಳು. ಬಸ್ಸು ಹೋಯಿತು. ಅವರ ಕತ್ತು ಕಿವಿಯ ತನಕ ಕೆಂಪಾಗಿತ್ತು.

"ನಾನೂ ಒಂದು ಹೇಳ್ಬೇಕು," ಎಂದರು. "ಮೊದಲ ಆರು ತಿಂಗಳು ನಿಜವಾಗ್ಲೂ ಹುಡುಕ್ದೆ. ಆಮೇಲೆ ಒಂದು ದಿನ ಹೆದರಿಕೆ ಆಯ್ತು, ಸಿಕ್ಕಿಬಿಟ್ರೆ ಏನು ಗತಿ ಅಂತ. ಅವತ್ತಿನಿಂದ ಮೋರಿಯ ಈ ಕಡೆ ಮಾತ್ರ ನೋಡ್ತಿದ್ದೆ. ಆ ಕಡೆ ದಾಟಿದ್ದು ನೀವು ಯಾವತ್ತಾದ್ರೂ ನೋಡಿದೀರಾ?"

ಯೋಚಿಸಿದೆ. ಇಲ್ಲ. ಒಂದೂವರೆ ವರ್ಷ ಒಂದೇ ದಡ.

"ಗಿಡದವರಾಗಿ ಹೀಗೆ ಮಾಡಬಹುದಾ ಸಾರ್?"

"ಹೊಲಿಯೋರು ಗಿಡಕ್ಕೆ ಕತ್ತರಿ ಹಾಕಬಹುದಾ?"

ಬೆಂಚಿನ ನಡುವಿನ ಜಾಗ ಹೇಗೋ ಸ್ವಲ್ಪ ಕಡಿಮೆಯಾಗಿತ್ತು. ಯಾರು ಸರಿದರೆಂದು ಗೊತ್ತಿಲ್ಲ.

"ನಾನು ಮೊದಲೇ ಹೇಳಿಬಿಡ್ತೀನಿ," ಎಂದೆ. "ನನ್ನೊಳಗೆ ಎಲ್ಲ ಮರಗಟ್ಟಿದೆ. ಬೇರೆಯವರಿಗೆ ಹತ್ತು ಅನ್ನಿಸೋ ಕಡೆ ನನಗೆ ಒಂದು ಅನ್ನಿಸುತ್ತೆ. ನೀವು ಹೆಸರಿಟ್ಟ ದಿನ ಅದೂ ಅನ್ನಿಸಲಿಲ್ಲ. ಮುಂದೆ ಸರಿಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

"ಒಂದು ಅನ್ನಿಸುತ್ತಲ್ಲ?"

"ಅನ್ನಿಸುತ್ತೆ."

"ಈಗ?"

"ಈಗ ಒಂದೂವರೆ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. "ಇಪ್ಪತ್ತಾರು ವರ್ಷದಿಂದ ಒಣಗಿದ್ದರ ಜೊತೆಗೇ ಇರೋನು ನಾನು. ನನಗೆ ಅಭ್ಯಾಸ ಇದೆ. ಮನೆಗೆ ಬಂದು ನಿಮ್ಮ ಅಣ್ಣನ ಹತ್ರ ಮಾತಾಡ್ಲಾ?"

"ಅಣ್ಣನ ಹತ್ರ ಬೇಡ. ಅತ್ತಿಗೆ ಹತ್ರ. ಮೊದಲು ಬೈತಾಳೆ."

"ಬೈಲಿ. ಬೈದಿದ್ದು ದಂಡ ಆಗದ ಹಾಗೆ ನೋಡ್ಕೋತೀನಿ."

ನನಗೆ ನಗು ಬಂತೆಂದರೆ ಸುಳ್ಳಾಗುತ್ತದೆ. ಬರುವ ದಾರಿಯಲ್ಲಿತ್ತು.

ಆ ದಿನ ನಾವು ಏನನ್ನೂ ಹುಡುಕಲಿಲ್ಲ. ಮುಂದಿನ ಬಸ್ಸು ಹತ್ತಿ ಕೊನೆಯ ಸ್ಟಾಪಿನ ತನಕ ಹೋಗಿ, ಅದೇ ಬಸ್ಸಿನಲ್ಲಿ ವಾಪಸು ಬಂದೆವು. ಕಿಟಕಿಯ ಪಕ್ಕ ನಾನು ಕೂತೆ.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ಅತ್ತಿಗೆ ಒಲೆಯ ಮುಂದೆ ನಿಂತಿದ್ದಳು. ತಿರುಗದೆ, "ಬಂದ್ರಾ ಅವರು?" ಎಂದಳು.

"ಬಂದ್ರು. ಮುಂದಿನ ವಾರ ಇಲ್ಲಿಗೆ ಬರ್ತಾರಂತೆ. ನಿನ್ನ ಹತ್ರ ಮಾತಾಡೋಕೆ."

ಸೌಟು ಒಂದು ಕ್ಷಣ ನಿಂತಿತು. ಅವಳು ಹೇಳಲು ಬಾಯಿ ತೆರೆದ ಮಾತು ಏನಿತ್ತೋ, ನಾನು ಅಷ್ಟರಲ್ಲಿ ತಟ್ಟೆ ಎತ್ತಿಕೊಂಡು ನೆಲದ ಮೇಲೆ ಕೂತಿದ್ದೆ.

"ಅತ್ತಿಗೆ, ಹಸಿವಾಗ್ತಿದೆ. ಬೇಗ ಬಡಿಸ್ತೀಯಾ?"

ಅವಳು ಬಡಿಸಲು ಬಹಳ ಹೊತ್ತು ಮಾಡಿದಳು. ನನಗೆ ಬೆನ್ನು ಹಾಕಿಕೊಂಡು, ಕುದಿಯದ ಪಾತ್ರೆಯನ್ನು ತಿರುವುತ್ತಲೇ ಇದ್ದಳು. ಅಮ್ಮ ಹೋದ ಮೇಲೆ ನಾನು ಬಾಯಿಬಿಟ್ಟು ಅನ್ನ ಕೇಳಿದ್ದು ಅದೇ ಮೊದಲಂತೆ. ಆಮೇಲೆ ಅವಳೇ ಹೇಳಿದಳು.